ಬಿಳಿ ದ್ರಾಕ್ಷಿ ಸೇರಿದರೆ ಕೆಂಪು ವೈನ್ ಇನ್ನೂ ಕೆಂಪಾಗುವುದೇಕೆ?

ಚಿಕ್ಕ ಕುಟುಂಬವೊಂದು ನಡೆಸುವ ವೈನರಿಯ ಕಡುಗೆಂಪು ಬ್ಲೆಂಡ್ ಕಂಡರೆ ಕೆಲವರಿಗೆ ಅನುಮಾನ ಶುರು. ಇಷ್ಟು ಗಾಢವಾಗಿದೆ, ಬಣ್ಣ ಹಾಕಿರಬೇಕು. ನಾಲ್ಕು ತಳಿ ಬೆರೆಸಿದ್ದಾರೆ, ಉಳಿದದ್ದನ್ನೆಲ್ಲ ಸುರಿದಿರಬೇಕು. ಅದರಲ್ಲಿ ಬಿಳಿ ದ್ರಾಕ್ಷಿಯೂ ಇದೆ ಅಂದರಂತೂ ಮುಗೀತು, ಕಲಬೆರಕೆ ಅಂತಲೇ ತೀರ್ಪು! ಆದರೆ ಫ್ರಾನ್ಸಿನ ಕೋಟ್ ರೋಟಿ ಎಂಬ ವೈನ್ ಪ್ರದೇಶದಲ್ಲಿ ಸಿರಾ ಎಂಬ ಕಪ್ಪು ದ್ರಾಕ್ಷಿಗೆ ವಿಯೋನಿಯೆ ಎಂಬ ಬಿಳಿ ದ್ರಾಕ್ಷಿಯನ್ನು ಶೇ. 20ರವರೆಗೆ ಸೇರಿಸಲು ನಿಯಮವೇ ಬಿಡುತ್ತದೆ. ಅಷ್ಟನ್ನೂ ಯಾರೂ ಸಾಮಾನ್ಯವಾಗಿ ಹಾಕುವುದಿಲ್ಲ. ಒಂಚೂರು ಸೇರಿಸಿದರೆ ಬಣ್ಣ ತೆಳುವಾಗುವ ಬದಲು ಗಾಢವಾಗುವುದೂ ಉಂಟು.

ಕಪ್ಪು ದ್ರಾಕ್ಷಿಯ ರಸಕ್ಕೆ ಹೆಚ್ಚುಕಡಿಮೆ ಬಣ್ಣವೇ ಇರುವುದಿಲ್ಲ. ಅಲಿಕಾಂಟೆ ಬೂಶೆಯಂಥ ಕೆಲವೇ ತಳಿಗಳ ತಿರುಳು ಕೆಂಪು. ಉಳಿದವುಗಳಲ್ಲಿ ಬಣ್ಣವೆಲ್ಲ ಸಿಪ್ಪೆಯಲ್ಲಿ. ಹಾಗಾಗಿ ಹಣ್ಣು ಚಿಕ್ಕದಾದಷ್ಟೂ ಲಾಭ: ಅಡ್ಡಳತೆ ಅರ್ಧವಾದರೆ ರಸದ ಲೆಕ್ಕದಲ್ಲಿ ಸಿಪ್ಪೆ ಎರಡರಷ್ಟಾಗುತ್ತದೆ. ಪೆಟೀಟ್ ಸಿರಾ ಎಂಬ ಚಿಕ್ಕ ಹಣ್ಣಿನ ತಳಿಯ ವೈನ್ ಅಷ್ಟು ಕಪ್ಪಗಿರುವುದಕ್ಕೆ ಇದೂ ಒಂದು ಕಾರಣ.

ಸಿಪ್ಪೆಯ ಬಣ್ಣ ಆಂಥೋಸಯನಿನ್ ಎಂಬ ಅಣುಗಳದ್ದು. ಸ್ವಾರಸ್ಯ ಇರುವುದು ಇಲ್ಲೇ. ವೈನಿನ ಪಿಎಚ್ ಸುಮಾರು 3.5. ಅಷ್ಟು ಹುಳಿಯಲ್ಲಿ ಈ ಅಣುಗಳನ್ನು ಒಂಟಿಯಾಗಿ ಬಿಟ್ಟರೆ ಹೆಚ್ಚಿನವು ಬಣ್ಣವಿಲ್ಲದ ರೂಪಕ್ಕೆ ಹೋಗಿಬಿಡುತ್ತವೆ. ನೀರಿನ ಅಣು ಬಂದು ಅಂಟಿಕೊಂಡರೆ ಸಾಕು, ಕೆಂಪು ಮಾಯ. ಅಂದರೆ ಬಾಟಲಿಯಲ್ಲಿರುವ ಬಣ್ಣದ ಅಣುಗಳಲ್ಲಿ ಬಹುಪಾಲು ಸುಮ್ನೆ ಕೂತಿರಬೇಕಿತ್ತು!

ಹಾಗಾಗದಂತೆ ನೋಡಿಕೊಳ್ಳುವುದು ತಮಗೆ ಬಣ್ಣವೇ ಇಲ್ಲದ, ಅಥವಾ ತೀರಾ ಕಡಿಮೆ ಇರುವ, ಬೇರೆ ಅಣುಗಳು. ಕ್ವೆರ್ಸೆಟಿನ್ ಕುಲದವು, ಕೆಫೀಯಿಕ್ ಆಮ್ಲ, ಇಂಥವು. ಆಂಥೋಸಯನಿನ್ ಚಪ್ಪಟೆ, ಇವೂ ಚಪ್ಪಟೆ. ಒಂದರ ಮೇಲೊಂದು ಒತ್ತಾಗಿ ಜೋಡಿಸಿದ ತಟ್ಟೆಗಳ ಹಾಗೆ ಕೂರುತ್ತವೆ, ನಡುವೆ ನೀರಿಗೆ ಜಾಗ ಸಿಗುವುದಿಲ್ಲ. ಕೆಂಪು ಉಳಿಯುತ್ತದೆ, ಜೊತೆಗೆ ಸ್ವಲ್ಪ ನೇರಳೆಯತ್ತ ವಾಲುತ್ತದೆ. ಹೊಸ ವೈನಿನ ಬಣ್ಣದಲ್ಲಿ ಶೇ. 30ರಿಂದ 50ರವರೆಗೆ ಈ ಜೋಡಣೆಯದೇ ಕೊಡುಗೆ ಎಂದು ಅಂದಾಜಿಸಿದ್ದಾರೆ. ಒಂದು ಪರೀಕ್ಷೆಯೂ ಇದೆ. ಹುಳಿ ಮತ್ತು ಆಲ್ಕೋಹಾಲ್ ಬದಲಾಗದಂತೆ ವೈನನ್ನು 20 ಪಟ್ಟು ತೆಳು ಮಾಡಿದರೆ ಬಣ್ಣ 20ರಲ್ಲಿ ಒಂದು ಪಾಲಿಗಿಂತಲೂ ಕೆಳಗೆ ಇಳಿಯುತ್ತದೆ. ಜೋಡಿಗಳು ಕಳಚಿದ್ದಕ್ಕೆ ಅದೇ ಸಾಕ್ಷಿ.

ಇದೇನು ಹೊಸ ಸುದ್ದಿಯಲ್ಲ. ಗಿಡಗಳ ಬಣ್ಣದ ಸಂಶೋಧನೆಗೆ 1915ರ ನೊಬೆಲ್ ಪಡೆದ ರಿಚರ್ಡ್ ವಿಲ್‌ಸ್ಟಾಟರ್, ದ್ರಾಕ್ಷಿಯ ಬಣ್ಣಕ್ಕೆ ಟ್ಯಾನಿನ್ (ಸಿಪ್ಪೆ, ಬೀಜಗಳಲ್ಲಿರುವ ಒಗರಿನ ಅಂಶ) ಸೇರಿಸಿದರೆ ಅದು ನೀಲಿಯತ್ತ ತಿರುಗುವುದನ್ನು ಆ ಕಾಲದಲ್ಲೇ ಗಮನಿಸಿದ್ದರು. 1930ರ ದಶಕದಲ್ಲಿ ರಾಬರ್ಟ್ ಮತ್ತು ಗರ್ಟ್ರೂಡ್ ರಾಬಿನ್ಸನ್ ಎಂಬ ರಸಾಯನಶಾಸ್ತ್ರಜ್ಞ ದಂಪತಿ ಹೂವುಗಳಲ್ಲಿ ಇದನ್ನೇ ಬೆನ್ನತ್ತಿದರು. ಅದೇ ದ್ರಾಕ್ಷಿಯ ಬಣ್ಣ ಹೂವಿನಲ್ಲಿ ಬೇರೆ ಥರ ಕಾಣುವುದಕ್ಕೆ ಪಕ್ಕದಲ್ಲಿ ಕೂತ ಅಣುಗಳೂ ಕಾರಣ ಅಂತಾಯಿತು.

ಈಗ ಬ್ಲೆಂಡಿಗೆ ಬನ್ನಿ. ಒಂದು ತಳಿಯಲ್ಲಿ ಬಣ್ಣದ ಅಣು ಜಾಸ್ತಿ, ಜೊತೆಗಾರರು ಕಡಿಮೆ. ಇನ್ನೊಂದರಲ್ಲಿ ತದ್ವಿರುದ್ಧ. ಎರಡನ್ನೂ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಬಿಳಿ ದ್ರಾಕ್ಷಿಯ ಸಿಪ್ಪೆ ತರುವುದೂ ಇಂಥ ಬಣ್ಣವಿಲ್ಲದ ಜೊತೆಗಾರರನ್ನೇ. ಕ್ಯಾಲಿಫೋರ್ನಿಯಾದ ಹಳೆಯ ಜಿನ್‌ಫಾಂಡೆಲ್ ತೋಟಗಳಲ್ಲಿ ಪೆಟೀಟ್ ಸಿರಾ, ಕಾರಿನ್ಯಾನ್, ಅಲಿಕಾಂಟೆ ಬೂಶೆ ಎಲ್ಲವನ್ನೂ ಒಟ್ಟಿಗೆ ನೆಟ್ಟು, ಒಟ್ಟಿಗೆ ಕೊಯ್ದು, ಒಂದೇ ತೊಟ್ಟಿಗೆ ಹಾಕುತ್ತಿದ್ದರು. ಕಾರಣ ರಸಾಯನಶಾಸ್ತ್ರ ಅಲ್ಲ, ಅನುಭವ ಮತ್ತು ಅನುಕೂಲ.

ಗಾಢ ಬಣ್ಣ ಕಂಡು ಆರೋಗ್ಯಕ್ಕೆ ಒಳ್ಳೆಯದು ಎನ್ನುವವರಿಗೆ ಒಂದು ಮಾತು: ಆಲ್ಕೋಹಾಲ್‌ಗೆ ಸುರಕ್ಷಿತ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ತಟ್ಟೆಗಳ ಜೋಡಣೆ ಸಡಿಲವಾದದ್ದು, ಬಿಸಿಗೂ ಆಲ್ಕೋಹಾಲ್‌ಗೂ ಕಳಚುತ್ತದೆ. ತಿಂಗಳುಗಳು ಕಳೆದಂತೆ ಬಣ್ಣದ ಅಣುಗಳು ಟ್ಯಾನಿನ್ ಜೊತೆ ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆ. ನೇರಳೆ ಹೋಗಿ ಇಟ್ಟಿಗೆಗೆಂಪು ಬರುತ್ತದೆ. ಅದಕ್ಕೇ ಬಿಳಿ ದ್ರಾಕ್ಷಿಯನ್ನು ಶುರುವಿನಲ್ಲೇ, ಸಿಪ್ಪೆ ಸಮೇತ, ಕಪ್ಪು ದ್ರಾಕ್ಷಿಯ ಜೊತೆಗೇ ಹುದುಗಲು ಬಿಡುತ್ತಾರೆ. ತಯಾರಾದ ಬಿಳಿ ವೈನನ್ನು ಆಮೇಲೆ ಸುರಿದರೆ ಬಣ್ಣ ಬಹುಮಟ್ಟಿಗೆ ತೆಳುವೇ ಆಗುತ್ತದೆ.