ಬೊಗಸೆಯಲ್ಲಿ ಹುಟ್ಟುವ ಬಟ್ಟಲು

ಸ್ಟೀಲ್ ಲೋಟದ ತುಂಬ ಬಿಸಿ ಬಿಸಿ ಕಾಫಿ ಇದ್ದರೆ ಅಂಚನ್ನು ಎರಡೇ ಬೆರಳಲ್ಲಿ ಹಿಡಿಯುತ್ತೇವೆ. ಅಂಗೈಯಿಡೀ ತಾಗಿಸುವ ಧೈರ್ಯ ಬರುವುದಿಲ್ಲ. ಜಪಾನಿನ ಚಹಾ ಬಟ್ಟಲಿಗೂ ಹಿಡಿ ಇಲ್ಲ. ಆದರೂ ಅದನ್ನು ಎಡ ಅಂಗೈ ಮೇಲೆ ಕೂರಿಸಿಕೊಂಡು, ಬಲಗೈಯಿಂದ ಪಕ್ಕವನ್ನು ತಬ್ಬಿ ಹಿಡಿದು ಕುಡಿಯುತ್ತಾರೆ. ಒಳಗಿರುವುದು 70–80 ಡಿಗ್ರಿಯ ನೀರಲ್ಲಿ ಕಡೆದ ಹಸಿರು ಚಹಾ. ಕೈ ಸುಡುವುದಿಲ್ಲ, ಬೆಚ್ಚಗಾಗುತ್ತದೆ.

ಈ ಬೆಚ್ಚಗನ್ನು ಯಾರೋ ಯೋಚಿಸಿ ಮಾಡಿದ್ದಾರೆ. ಹೇಗೆ ಅಂತ ತಿಳಿಯಲು ಕ್ಯೋಟೋ ನಗರದ ರಾಕು ಬಟ್ಟಲುಗಳನ್ನು ನೋಡಬೇಕು.

16ನೇ ಶತಮಾನದಲ್ಲಿ ಸೆನ್ ನೊ ರಿಕ್ಯು (1522–1591) ಎಂಬ ಚಹಾ ಗುರು ಇದ್ದರು. ಅವರಿಗೆ ಮುಂಚೆ ಚೀನಾದಿಂದ ಬಂದ ನುಣುಪಾದ, ಹೊಳೆಯುವ ಬಟ್ಟಲುಗಳಿಗೇ ಬೆಲೆ ಜಾಸ್ತಿ. ರಿಕ್ಯು ಅವರಿಗೆ ಬೇಕಾಗಿದ್ದು ಸದ್ದಿಲ್ಲದ, ಸಾದಾ ಬಟ್ಟಲು. ಅದನ್ನು ಮಾಡಿಕೊಟ್ಟವನು ಚೋಜಿರೊ. ಅವನ ಕೈಯಲ್ಲಿ ಮೂಡಿದ, 1574ನೇ ಇಸವಿ ಕೆತ್ತಿರುವ ಮಣ್ಣಿನ ಸಿಂಹವೊಂದು ಈಗಲೂ ಉಳಿದಿದೆ. ಕೆರಳಿ ನಿಂತ ಸಿಂಹ ಅದು. ಅಂಥದ್ದನ್ನು ಮಾಡಬಲ್ಲವನು ಚಹಾ ಬಟ್ಟಲಿಗೆ ಬಂದಾಗ ಒಂದು ಗೆರೆಯನ್ನೂ ಹೆಚ್ಚಿಗೆ ಎಳೆಯಲಿಲ್ಲ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಅಲ್ಲೇ. ಅವನಿಂದ ಶುರುವಾದ ಮನೆತನ ಇವತ್ತಿಗೂ ಕ್ಯೋಟೋದಲ್ಲಿ ಬಟ್ಟಲು ಮಾಡುತ್ತಿದೆ. ಈಗಿನದು 16ನೇ ತಲೆಮಾರು.

ರಾಕು ಬಟ್ಟಲಿಗೆ ತಿಗರಿ ಬೇಡ. ಮಣ್ಣನ್ನು ರೊಟ್ಟಿಯ ಹಾಗೆ ತಟ್ಟಿ, ಸುತ್ತಲಿನ ಅಂಚನ್ನು ಎರಡೂ ಅಂಗೈಗಳ ನಡುವೆ ಒತ್ತುತ್ತಾ ಮೇಲಕ್ಕೆ ತರುತ್ತಾರೆ. ಬಟ್ಟಲು ಹುಟ್ಟುವುದೇ ಬೊಗಸೆಯೊಳಗೆ. ಸ್ವಲ್ಪ ಒಣಗಿದ ಮೇಲೆ ಒಳಗೂ ಹೊರಗೂ ಚೂರಿಯಂಥ ಹತಾರದಲ್ಲಿ ಹೆರೆಯುತ್ತಾರೆ. ಗೋಡೆ ಎಲ್ಲಿ ದಪ್ಪ ಇರಬೇಕು, ತುಟಿ ತಾಗುವ ಕಡೆ ಎಷ್ಟು ತೆಳುವಾಗಬೇಕು ಅನ್ನುವುದೆಲ್ಲ ತೀರ್ಮಾನವಾಗುವುದು ಆಗಲೇ.

ಆಮೇಲೆ ಬೆಂಕಿ. ಪಿಂಗಾಣಿಯನ್ನು ಸುಮಾರು 1,300 ಡಿಗ್ರಿಯಲ್ಲಿ ತುಂಬ ಹೊತ್ತು ಬೇಯಿಸುತ್ತಾರೆ. ಆಗ ಮಣ್ಣಿನ ಕಣಗಳು ಅರೆ ಕರಗಿ, ನಡುವಿನ ಸಂದುಗಳು ಮುಚ್ಚಿ, ಪಾತ್ರೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಕೆಂಪು ರಾಕು ಸುಮಾರು 800 ಡಿಗ್ರಿಯಲ್ಲೇ ಬೇಯುತ್ತದೆ. ಕಪ್ಪು ರಾಕುವಿಗೆ 1,000 ಡಿಗ್ರಿ ದಾಟಿದ ಬೆಂಕಿ ಬೇಕು, ಆದರೆ ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ ಮಣ್ಣಿನ ಸಂದುಗಳು ಮುಚ್ಚುವುದಿಲ್ಲ. ಗೋಡೆಯ ತುಂಬ ಕಣ್ಣಿಗೆ ಕಾಣದ ಗಾಳಿಯ ಗೂಡುಗಳು ಉಳಿಯುತ್ತವೆ.

ಈ ಗಾಳಿಯೇ ನಮ್ಮ ಕೈ ಕಾಯುವುದು. ನಿಂತ ಗಾಳಿಯಲ್ಲಿ ಬಿಸಿ ತುಂಬ ನಿಧಾನವಾಗಿ ಹರಿಯುತ್ತದೆ. ಸ್ಟೀಲು ಗಾಳಿಗಿಂತ ಸುಮಾರು 600 ಪಟ್ಟು ಸರಾಗವಾಗಿ ಬಿಸಿಯನ್ನು ಸಾಗಿಸುತ್ತದೆ. ಅದರ ಮೇಲೆ ಲೋಟದ ತಗಡು ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ನಮ್ಮ ಚರ್ಮಕ್ಕೆ ತಿಳಿಯುವುದು ವಸ್ತು ಎಷ್ಟು ಬಿಸಿ ಇದೆ ಅನ್ನುವುದಷ್ಟೇ ಅಲ್ಲ, ಆ ಬಿಸಿ ಎಷ್ಟು ಬೇಗ ಒಳಗೆ ನುಗ್ಗುತ್ತದೆ ಅನ್ನುವುದೂ. ಲೋಟದ ಬಿಸಿ ಒಮ್ಮೆಲೇ ಮೈಮೇಲೆ ಬೀಳುತ್ತದೆ. ರಾಕುವಿನ ಬಿಸಿ ಮೆಲ್ಲಗೆ ಬರುತ್ತದೆ. ಮೊದಲ ಸಲ ಅಂಥ ಬಟ್ಟಲು ಕೈಗೆ ಬಂದಾಗ ನಾನು ಕುಡಿಯುವುದನ್ನು ಮರೆತು ಸುಮ್ನೆ ಹಿಡಿದುಕೊಂಡೇ ಕೂತಿದ್ದೆ. ಕಲ್ಲಿನ ಹಾಗೆ ಕಾಣುತ್ತಿತ್ತು, ಹಗುರವಾಗಿತ್ತು. ಸ್ವಲ್ಪ ಹೊತ್ತಿಗೆ ಅಂಗೈ ಕಾವು ಯಾವುದು, ಬಟ್ಟಲಿನ ಕಾವು ಯಾವುದು ಗೊತ್ತಾಗಲಿಲ್ಲ.

ದಪ್ಪ ಗೋಡೆಯಿಂದ ಒಂದು ತೊಂದರೆಯೂ ಇದೆ. ಒಂದು ಸಲಕ್ಕೆ ಹಾಕುವ ನೀರು ಸುಮಾರು 70 ಮಿಲಿಲೀಟರ್, ಚಹಾ ಪುಡಿ 2 ಗ್ರಾಂ. ಬಟ್ಟಲು 350 ಗ್ರಾಂ ತೂಗುತ್ತದೆ ಎಂದುಕೊಳ್ಳಿ. ಬಿಸಿ ಹೀರುವ ಶಕ್ತಿಯಲ್ಲಿ ಅಷ್ಟು ಮಣ್ಣೂ ಆ 70 ಮಿಲಿಲೀಟರ್ ನೀರೂ ಹೆಚ್ಚುಕಡಿಮೆ ಸಮ. ಅಂದರೆ 20 ಡಿಗ್ರಿಯ ತಣ್ಣನೆ ಬಟ್ಟಲಿಗೆ 80 ಡಿಗ್ರಿಯ ನೀರು ಸುರಿದರೆ ಎರಡೂ 50ರ ಹತ್ತಿರ ಬಂದು ನಿಲ್ಲುತ್ತವೆ. ಚಹಾ ಆರಿತು ಅಂತಲೇ ಲೆಕ್ಕ. ಅದಕ್ಕೇ ಪುಡಿ ಹಾಕುವ ಮುಂಚೆ ಬಟ್ಟಲಿಗೆ ಬಿಸಿನೀರು ಹಾಕಿ, ಬಿದಿರಿನ ಕಡೆಗೋಲನ್ನು ಅದರಲ್ಲಿ ಆಡಿಸಿ, ನೀರು ಚೆಲ್ಲಿ ಒರೆಸುತ್ತಾರೆ. ನೋಡುವವರಿಗೆ ಅದು ಶಾಸ್ತ್ರದ ಹಾಗೆ ಕಾಣುತ್ತದೆ. ಚಹಾ ಬಿಸಿಯಾಗಿ ಉಳಿಯುವುದು ಅದರಿಂದಲೇ.

ಆ ಕಡೆಗೋಲಿನ ಹೆಸರು ಚಸೆನ್. ಒಂದೇ ಬಿದಿರಿನ ತುಂಡನ್ನು ಎಳೆ ಎಳೆಯಾಗಿ ಸೀಳಿ ಮಾಡಿರುತ್ತಾರೆ. ಮಾಚಾ ಎನ್ನುವ ಈ ಚಹಾ ನೀರಲ್ಲಿ ಕರಗುವುದಿಲ್ಲ. ಅದು ಎಲೆಯ ನುಣುಪು ಪುಡಿ, ನೀರಲ್ಲಿ ತೇಲಾಡುತ್ತದೆ, ಬಿಟ್ಟರೆ ತಳಕ್ಕೆ ಇಳಿಯುತ್ತದೆ. ಕಡೆದು ನೊರೆ ಎಬ್ಬಿಸಲು ಜಾಗ ಬೇಕು. ಹಾಗಾಗಿ ಎರಡು ಗುಟುಕು ಚಹಾಕ್ಕೆ ಅಷ್ಟು ಅಗಲದ ಬಟ್ಟಲು. ತಳದಲ್ಲಿ ಸಣ್ಣ ಗುಳಿಯೂ ಇರುತ್ತದೆ, ಕೊನೆಯ ಹನಿ ಅಲ್ಲಿ ಬಂದು ಸೇರಲಿ ಅಂತ. ಚಳಿಗಾಲಕ್ಕೆ ಎತ್ತರದ, ಬಾಯಿ ಕಿರಿದಾದ ಬಟ್ಟಲು, ಬೇಸಿಗೆಗೆ ತಟ್ಟೆಯಂತೆ ಅಗಲಿಸಿದ್ದು. ಗಾಳಿಗೆ ತೆರೆದ ಮೇಲ್ಮೈ ಜಾಸ್ತಿಯಾದಷ್ಟೂ ಚಹಾ ಬೇಗ ಆರುತ್ತದೆ, ಅಲ್ವಾ?

ಇನ್ನು ಕಪ್ಪು ಬಣ್ಣ. ಕ್ಯೋಟೋದ ಕಾಮೊ ನದಿಯ ಕಲ್ಲನ್ನು ಪುಡಿ ಮಾಡಿ ಗ್ಲೇಜಿಗೆ, ಅಂದರೆ ಬೆಂಕಿಯಲ್ಲಿ ಕರಗಿ ಗಾಜಿನಂತಾಗುವ ಮೇಲಿನ ಲೇಪಕ್ಕೆ, ಹಾಕುತ್ತಾರೆ. ಅದರಲ್ಲಿ ಕಬ್ಬಿಣ ಇದೆ, ಮ್ಯಾಂಗನೀಸ್ ಇದೆ. ಪುಟ್ಟ ಒಲೆ, ಇದ್ದಿಲ ಬೆಂಕಿ, ತಿದಿ ಒತ್ತಿ ಒತ್ತಿ ಗಾಳಿ ಊದುತ್ತಾರೆ. ಒಂದು ಸಲಕ್ಕೆ ಒಂದೇ ಬಟ್ಟಲು. ಗ್ಲೇಜ್ ಕರಗಿ ಮಿರುಗುವ ಹೊತ್ತಿಗೆ, ಇನ್ನೂ ನಿಗಿನಿಗಿ ಉರಿಯುತ್ತಿರುವಾಗಲೇ, ಉದ್ದ ಇಕ್ಕಳದಲ್ಲಿ ಹಿಡಿದು ಹೊರಗೆ ತೆಗೆಯುತ್ತಾರೆ. ಕೆಲವೇ ನಿಮಿಷದಲ್ಲಿ ಕೆಂಪು ಇಳಿದು ಕಪ್ಪು ಏರುತ್ತದೆ. ಒಲೆಯೊಳಗೇ ನಿಧಾನಕ್ಕೆ ಆರಲು ಬಿಟ್ಟಿದ್ದರೆ ಕಬ್ಬಿಣ ಹರಳುಗಟ್ಟಿ ಬಣ್ಣ ಕಂದು ಕಡೆಗೆ ತಿರುಗುತ್ತಿತ್ತು. ಥಟ್ಟನೆ ತಣ್ಣಗಾಗುವುದರಿಂದ ಹರಳಾಗಲು ಪುರುಸೊತ್ತೇ ಸಿಗುವುದಿಲ್ಲ.

ಪಿಂಗಾಣಿ ತಟ್ಟೆಯನ್ನು ಹೀಗೆ ಹೊರಗೆಳೆದರೆ ಚೂರಾಗುತ್ತದೆ. ರಾಕು ತಡೆದುಕೊಳ್ಳುತ್ತದೆ. ಬಿರುಕು ಶುರುವಾದರೂ ಮುಂದಿನ ಗಾಳಿಗೂಡು ಸಿಕ್ಕಿದ ಕೂಡಲೇ ಅಲ್ಲೇ ನಿಲ್ಲುತ್ತದೆ. ಕೈ ಸುಡದಂತೆ ಕಾಯುವ ಆ ಗೂಡುಗಳೇ ಒಲೆಯ ಬಾಯಲ್ಲಿ ಬಟ್ಟಲನ್ನೂ ಕಾಯುತ್ತವೆ. ಇಕ್ಕಳ ಕಚ್ಚಿದ ಗುರುತು ಪಕ್ಕದಲ್ಲಿ ಹಾಗೇ ಉಳಿದಿರುತ್ತದೆ. ಅದನ್ನು ಯಾರೂ ಅಳಿಸುವುದಿಲ್ಲ.

ಜಪಾನ್ ಸರ್ಕಾರ ರಾಷ್ಟ್ರೀಯ ನಿಧಿ ಎಂದು ಸಾರಿರುವ ಚಹಾ ಬಟ್ಟಲುಗಳು 8. ಅವುಗಳಲ್ಲಿ ಜಪಾನಿನಲ್ಲೇ ಮಾಡಿದವು ಎರಡೇ, ಅದರಲ್ಲೊಂದು ಹೊನಾಮಿ ಕೊಯೆತ್ಸು (1558–1637) ಮಾಡಿದ ರಾಕು ಬಟ್ಟಲು. ಇಂಥವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲೇಬೇಕು, ನಿಜ. ಆದರೆ ಗಾಜಿನಾಚೆಯಿಂದ ಅದರ ತೂಕ ತಿಳಿಯದು, ಕಾವು ತಿಳಿಯದು. ಕೈಗಾಗಿ ಮಾಡಿದ ವಸ್ತುವನ್ನು ಕಣ್ಣಲ್ಲಷ್ಟೇ ನೋಡಿ ಬರಬೇಕಲ್ಲ ಅಂತ ನನಗೆ ಸಂಕಟವಾಗುತ್ತದೆ.

ಚಹಾ ಬಲ್ಲವರು ಬಟ್ಟಲುಗಳಲ್ಲಿ ರಾಕು ಮೊದಲು, ಹಾಗಿ ಎಂಬ ಊರಿನದು ಎರಡನೆಯದು, ಕರಾತ್ಸು ಎಂಬ ಊರಿನದು ಮೂರನೆಯದು ಎನ್ನುತ್ತಾರೆ. ಹಾಗಿ ಊರಿನ ಕಸುಬು ಬೆಳೆದದ್ದು 1592–1598ರ ಯುದ್ಧದಲ್ಲಿ ಕೊರಿಯಾದಿಂದ ಕರೆತಂದ ಕುಂಬಾರರಿಂದ. ಅಲ್ಲಿನ ಗ್ಲೇಜ್ ಆರುವಾಗ ಒಳಗಿನ ಮಣ್ಣಿಗಿಂತ ಜಾಸ್ತಿ ಕುಗ್ಗುತ್ತದೆ. ಎಳೆತ ತಾಳಲಾರದೆ ಮೈತುಂಬ ಕೂದಲೆಳೆಯ ಬಿರುಕು ಬಿಡುತ್ತದೆ. ಒಲೆಯಿಂದ ತೆಗೆದ ಮೇಲೆ ಟಿಣ್, ಟಿಣ್ ಎಂದು ಅದು ಬಿರಿಯುವ ಸದ್ದು ಕೇಳಿಸುತ್ತದೆ. ವರ್ಷಗಟ್ಟಲೆ ಬಳಸಿದಂತೆ ಆ ಬಿರುಕುಗಳಲ್ಲಿ ಚಹಾ ಇಳಿದು ಬಟ್ಟಲಿನ ಬಣ್ಣ ಬದಲಾಗುತ್ತಾ ಹೋಗುತ್ತದೆ. ಹಾಗಿಗೆ ಏಳು ವೇಷ ಎನ್ನುವ ಮಾತು ಹುಟ್ಟಿದ್ದು ಇದರಿಂದ.

ಹಾಗಾಗಿ ಬಳಸುವ ಮೊದಲು ಅದನ್ನು ನೀರಲ್ಲಿ ನೆನೆಸುತ್ತಾರೆ, ಸಂದುಗಳಲ್ಲಿ ಮೊದಲು ನೀರು ತುಂಬಿಕೊಂಡರೆ ಚಹಾ ಅಷ್ಟಾಗಿ ಇಳಿಯುವುದಿಲ್ಲ. ಕುಡಿದಾದ ಮೇಲೆ ತೊಳೆದು ಕೆಲವು ದಿನ ನೆರಳಲ್ಲಿ ಒಣಗಿಸುತ್ತಾರೆ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಪಸೆ ಇರುತ್ತದೆ, ಅವಸರಪಟ್ಟು ಮರದ ಪೆಟ್ಟಿಗೆಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಒಣಗಿದೆಯೋ ಇಲ್ಲವೋ ನೋಡಬೇಕಾದರೆ ಬಟ್ಟಲನ್ನು ಬೋರಲು ಮಾಡಿ, ಗ್ಲೇಜಿಲ್ಲದ ಪಾದವನ್ನು ಹೆಬ್ಬೆರಳಲ್ಲಿ ಮುಟ್ಟಬೇಕು. ತಣ್ಣಗಿದ್ದರೆ ನೀರು ಇನ್ನೂ ಆವಿಯಾಗುತ್ತಿದೆ. ಇನ್ನೊಂದು ದಿನ ಹಾಗೇ ಇಡಬೇಕು.