ಫಿಲೋಮಿನಾ ಚರ್ಚ್ ಬ್ರಿಟಿಷರು ಕಟ್ಟಿದ್ದಲ್ವಾ?

ಪ್ರಶ್ನೆ: ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್ ಎಷ್ಟು ವರ್ಷ ಹಳೆಯದು? ಬ್ರಿಟಿಷರು ಕಟ್ಟಿಸಿದ್ದು ತಾನೇ?

ಅಲ್ಲ. ದಸರಾ ಹತ್ತಿರ ಬಂತು ಅಂದ್ರೆ ಈ ಪ್ರಶ್ನೆ ಬಂದೇ ಬರುತ್ತದೆ. ಈ ಸಲ ಸ್ವಲ್ಪ ಬಿಡಿಸಿ ಹೇಳಿಬಿಡುತ್ತೇನೆ.

ಈಗಿನ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1933ರ ಅಕ್ಟೋಬರ್ 28ರಂದು. ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಅಂದರೆ ಮುನ್ನೂರು ವರ್ಷದ್ದು ಅಂತ ಗೈಡ್‌ಗಳು ಬಿಡುವ ಈ ಚರ್ಚ್ ವಯಸ್ಸಿನಲ್ಲಿ ಅರಮನೆಗಿಂತ ಚಿಕ್ಕದು! ಗೋಪುರ ಚೂಪಾಗಿದೆ, ಕಮಾನು ಮೊನಚಾಗಿದೆ ಅಂದ ಮಾತ್ರಕ್ಕೆ ಹಳೆಯದಾಗುವುದಿಲ್ಲ. ಗಾಥಿಕ್ ಶೈಲಿ ಹಳೆಯದು, ಕಟ್ಟಡ ಹೊಸದು. ಇಷ್ಟೇ ವಿಷಯ.

ಇನ್ನು ಬ್ರಿಟಿಷರ ಮಾತು. ಇದು ಕ್ಯಾಥೊಲಿಕ್ ಚರ್ಚ್. ಆಗ ಮೈಸೂರು ಸೀಮೆಯ ಕ್ಯಾಥೊಲಿಕ್ ಮಿಷನ್ ನಡೆಸುತ್ತಿದ್ದವರು ಫ್ರೆಂಚ್ ಪಾದ್ರಿಗಳು. ನಕ್ಷೆ ಮಾಡಿದ ಡಾಲಿ ಕೂಡ ಫ್ರಾನ್ಸಿನವರೇ. ಬ್ರಿಟಿಷರ ಕಾಲದ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಪಂಥದ, ಚರ್ಚೇ ನೋಡಬೇಕಾ? ಸಬರ್ಬನ್ ಬಸ್ ಸ್ಟ್ಯಾಂಡ್ ಹತ್ತಿರ ಸೇಂಟ್ ಬಾರ್ತಲೋಮ್ಯೂ ಇದೆ, ಹೋಗಿ ನೋಡಿ. ಪಾಪ, ಅದನ್ನು ಯಾರೂ ಕೇಳುವುದಿಲ್ಲ.

'ಮತ್ತೆ 1843 ಅಂತಾರಲ್ಲ?' ಅದು ಇದೇ ಜಾಗದಲ್ಲಿದ್ದ ಹಳೆಯ ಚಿಕ್ಕ ಚರ್ಚಿನ ಇಸವಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಆಗ ಆಡಳಿತ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು, ನಿಜ. ಗೊಂದಲ ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಆದರೆ ನೀವು ಸೆಲ್ಫಿ ತೆಗೆದುಕೊಳ್ಳುವ ಗೋಪುರಕ್ಕೂ ಅದಕ್ಕೂ ಸಂಬಂಧವಿಲ್ಲ.

ಜರ್ಮನಿಯ ಕಲೋನ್ ಕೆಥೆಡ್ರಲ್‌ನಿಂದ ಸ್ಫೂರ್ತಿ ಪಡೆದದ್ದು ಹೌದು. ಪಡಿಯಚ್ಚು ಅಲ್ಲ. ಇಲ್ಲಿನ ಜೋಡಿ ಗೋಪುರ 175 ಅಡಿ. ಅಲ್ಲಿಯದು 515 ಅಡಿ ದಾಟುತ್ತದೆ. 1248ರಲ್ಲಿ ಶುರುವಾಗಿ 1880ರಲ್ಲಿ ಮುಗಿದ ಕಟ್ಟಡ ಅದು.

ಇಷ್ಟೆಲ್ಲ ಕೇಳುವವರು ಫಿಲೋಮಿನಾ ಯಾರು ಅಂತ ಮಾತ್ರ ಕೇಳುವುದಿಲ್ಲ. ನನಗೆ ಜಾಸ್ತಿ ಕುತೂಹಲ ಇರುವುದು ಅದರಲ್ಲೇ. 1802ರಲ್ಲಿ ರೋಮ್‌ನ ನೆಲದಡಿಯ ಸ್ಮಶಾನದಲ್ಲಿ ಒಂದು ಗೋರಿ ಸಿಕ್ಕಿತು. ಬಾಯಿ ಮುಚ್ಚಿದ್ದು ಮೂರು ಹೆಂಚು. ಮೇಲೆ ಕೆಂಪು ಬಣ್ಣದ ಅಕ್ಷರ. ಹೆಂಚುಗಳನ್ನು ಜೋಡಿಸಿದ ಕ್ರಮವೇ ತಪ್ಪಿತ್ತು. ಮೊದಲನೆಯದನ್ನು ಕೊನೆಗೆ ಇಟ್ಟು ಓದಿದರೆ 'ಫಿಲುಮೆನಾ, ನಿನಗೆ ಶಾಂತಿ' ಅಂತ ಬರುತ್ತದೆ. ಒಳಗೆ ಹುಡುಗಿಯೊಬ್ಬಳ ಮೂಳೆ. ಆಧಾರ ಅಂತ ಇರುವುದು ಇಷ್ಟೇ. ಉಳಿದ ಕಥೆಯೆಲ್ಲ ಆಮೇಲೆ ಬೆಳೆದದ್ದು.

ಆ ಅವಶೇಷದ ಒಂದು ತುಣುಕನ್ನು 1926ರಲ್ಲಿ ಮೈಸೂರಿಗೆ ತರಿಸಿದವರು ಮಹಾರಾಜರ ಬಳಿ ಸೆಕ್ರೆಟರಿಯಾಗಿದ್ದ ತಂಬೂಚೆಟ್ಟಿ. ಪೀಠದ ಕೆಳಗಿನ ಇಕ್ಕಟ್ಟು ಮೆಟ್ಟಿಲು ಇಳಿದರೆ ಗಾಜಿನ ಹಿಂದೆ ಮಲಗಿರುವ ಮೂರ್ತಿ ಕಾಣುತ್ತದೆಯಲ್ಲ, ಅದು ಅವಳದೇ. ಆಧಾರ ಸಾಲದು ಅಂತ 1961ರಲ್ಲಿ ರೋಮ್, ಅಂದರೆ ವ್ಯಾಟಿಕನ್, ಅವಳ ಹಬ್ಬವನ್ನು ಚರ್ಚಿನ ಹಬ್ಬಗಳ ಕ್ಯಾಲೆಂಡರ್‌ನಿಂದ ತೆಗೆಯಿತು. ಮೈಸೂರಲ್ಲಿ ಆಗಸ್ಟ್‌ನಲ್ಲಿ ಹಬ್ಬ ನಡೆಯುತ್ತಲೇ ಇದೆ.