ಬೋನಿನಲ್ಲಿ ಸುಮ್ಮನೆ ಕೂತ ಬೆಕ್ಕು ಸಾಧುವೇ?

ಬೀದಿಯಲ್ಲಿ ಸಿಕ್ಕ ಬೆಕ್ಕನ್ನು ಕ್ಲಿನಿಕ್ಕಿಗೆ ತಂದವರು ಮೊದಲು ಕೇಳುವುದು, "ಡಾಕ್ಟ್ರೇ, ಇದನ್ನ ಮನೇಲಿ ಸಾಕಬಹುದಾ?" ಉತ್ತರ ಹೇಳಬೇಕಾದರೆ ಆ ಬೆಕ್ಕು ಬೆಳೆದ ಬಗೆ ಗೊತ್ತಿರಬೇಕು. ಹುಟ್ಟಿದ 2ನೇ ವಾರದಿಂದ 7ನೇ ವಾರದವರೆಗೆ ಮರಿಯ ಮೈಮೇಲೆ ಮನುಷ್ಯರ ಕೈ ಆಡಿದ್ದರೆ, ದೊಡ್ಡದಾದ ಮೇಲೂ ಅದು ಮನುಷ್ಯರನ್ನು ಸಾಮಾನ್ಯವಾಗಿ ನಂಬುತ್ತದೆ. ಆ ದಿನಗಳಲ್ಲಿ ಯಾರೂ ಮುಟ್ಟದೇ ಇದ್ದರೆ, ಅದರ ಕಣ್ಣಿಗೆ ನಾವು ತನ್ನನ್ನು ತಿನ್ನಲು ಬಂದ ದೊಡ್ಡ ಪ್ರಾಣಿ.

ಹಾಗಾಗಿ ಬೀದಿಯ ಬೆಕ್ಕುಗಳೆಲ್ಲ ಒಂದೇ ಥರ ಅಲ್ಲ. ಕೆಲವು ಮನೆಯಲ್ಲಿದ್ದು ಕಳೆದುಹೋದವು, ಇಲ್ಲವೇ ಮನೆ ಖಾಲಿ ಮಾಡುವಾಗ ಬಿಟ್ಟುಹೋದವು. ಇನ್ನು ಕೆಲವು ಹೊರಗೇ ಹುಟ್ಟಿ ಮನುಷ್ಯರಿಂದ ದೂರವೇ ಬೆಳೆದವು. ಇವನ್ನು ನಾವು ಫೆರಲ್ ಅನ್ನುತ್ತೇವೆ. ಇವೆರಡರ ನಡುವಿನವೂ ಬೇಕಾದಷ್ಟಿವೆ. ಕರಾವಳಿಯ ಮೀನು ಮಾರ್ಕೆಟ್ಟಿನಲ್ಲಿ ನೋಡಿ. ಮೀನು ಮಾರುವ ಅಕ್ಕ ಬೂತಾಯಿಯ ತಲೆ ಎಸೆದರೆ, ಬೆಕ್ಕು ಒಂದು ಮಾರು ದೂರದವರೆಗೆ ಬಂದು ಕಚ್ಚಿಕೊಂಡು ಹೋಗುತ್ತದೆ. ಅದಕ್ಕೆ ಅವರ ದನಿ ಗೊತ್ತು, ಅಂಗಡಿ ಮುಚ್ಚುವ ಹೊತ್ತೂ ಗೊತ್ತು. ಕೈ ಚಾಚಿದರೆ ಮಾತ್ರ ಬುಟ್ಟಿಗಳ ಸಂದಿಯಲ್ಲಿ ಮಾಯ. ಅಷ್ಟು ದೂರವೇ ಅದಕ್ಕೆ ಹಿತ.

ಗುರುತು ಹಿಡಿಯಬೇಕಾದರೆ ಬೆಕ್ಕು ತನ್ನ ಪಾಡಿಗೆ ಓಡಾಡುವಾಗ ನೋಡಬೇಕು. ಬಾಲ ನೆಟ್ಟಗೆ ಎತ್ತಿಕೊಂಡು ನಿಮ್ಮತ್ತ ಬಂದರೆ, ಮುಖ ನೋಡಿ ಮಿಯಾಂವ್ ಅಂದರೆ, ಕಣ್ಣನ್ನು ನಿಧಾನಕ್ಕೆ ಮುಚ್ಚಿ ತೆರೆದರೆ, ಅದಕ್ಕೆ ಮನುಷ್ಯರ ಸಹವಾಸ ಇದೆ. ದೊಡ್ಡ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಅನ್ನುವುದು ಕಡಿಮೆ. ಆ ದನಿ ಹೆಚ್ಚಾಗಿ ನಮಗಾಗಿಯೇ. ಫೆರಲ್ ಬೆಕ್ಕು ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ಮೈ ತಗ್ಗಿಸಿ, ಗೋಡೆಯಂಚು ಹಿಡಿದು, ಮಬ್ಬುಗತ್ತಲಲ್ಲಿ ಓಡಾಡುತ್ತದೆ. ಮೈ ಕೊಳಕಾಗಿದೆ ಅಂತ ಫೆರಲ್ ಅಂದುಕೊಳ್ಳಬೇಡಿ. ಬೀದಿಗೆ ಹೊಸದಾಗಿ ಬಿದ್ದ ಸಾಕು ಬೆಕ್ಕೇ ಎಷ್ಟೋ ಸಲ ಜಾಸ್ತಿ ಸೊರಗಿರುತ್ತದೆ.

ಬೋನಿಗೆ ಬಿದ್ದ ಮೇಲೆ ಈ ಲೆಕ್ಕವೆಲ್ಲ ತಲೆಕೆಳಗು. ಹೆದರಿದ ಸಾಕು ಬೆಕ್ಕೂ ಬುಸ್ ಅನ್ನುತ್ತದೆ, ಅರಚುತ್ತದೆ, ಪರಚುತ್ತದೆ. ಫೆರಲ್ ಬೆಕ್ಕು ಎಷ್ಟೋ ಸಲ ಹಿಂದಿನ ಮೂಲೆಗೆ ಮೈ ಒತ್ತಿ ಅಲ್ಲಾಡದೆ ಕೂತುಬಿಡುತ್ತದೆ. ಹತ್ತಿರದಿಂದ ನೋಡಿ: ಪಾಪೆ ಹಿಗ್ಗಿ ಕಣ್ಣೆಲ್ಲ ಕಪ್ಪಾಗಿದೆ, ಕಿವಿ ಚಪ್ಪಟೆಯಾಗಿ ಮಲಗಿವೆ, ಕಾಲುಗಳನ್ನು ಮೈಯಡಿಗೆ ಬಿಗಿದುಕೊಂಡಿದೆ. "ಪಾಪ, ಎಷ್ಟು ಸಾಧು ಅಲ್ವಾ" ಅಂತ ಕೈ ಹಾಕುವವರು ಕಚ್ಚಿಸಿಕೊಳ್ಳುವುದು ಆಗಲೇ. ಅದು ಭಯದಿಂದ ಮರಗಟ್ಟಿರುತ್ತದೆ. ಬೋನಿನ ಮೇಲೆ ಬಟ್ಟೆ ಹೊದಿಸಿ, ಗಲಾಟೆ ಇಲ್ಲದ ಕಡೆ ಇಡಿ. ಸಾಕು ಬೆಕ್ಕಾಗಿದ್ದರೆ ಒಂದೆರಡು ದಿನದಲ್ಲಿ ಮುಂದೆ ಬರಬಹುದು, ಕರೆದರೆ ಓಗೊಡಬಹುದು.

ದೊಡ್ಡ ಫೆರಲ್ ಬೆಕ್ಕನ್ನು ಮನೆಯೊಳಗೆ ಕೂಡಿಹಾಕಿ ಒಲಿಸುತ್ತೇನೆ ಅನ್ನುವವರ ಮನಸ್ಸು ಒಳ್ಳೆಯದೇ. ಆದರೆ ಬೆಕ್ಕಿಗೆ ಅದು ಹಿಂಸೆ. ತಿಂಗಳುಗಟ್ಟಲೆ ಮಂಚದಡಿ ಬಿದ್ದಿರುತ್ತದೆ, ಎಲ್ಲರೂ ಮಲಗಿದ ಮೇಲಷ್ಟೇ ಉಣ್ಣುತ್ತದೆ. ಅದರ ಬದಲು ಮರಿಯಾಗದಂತೆ ಆಪರೇಷನ್ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಿ. ಹೆಣ್ಣು ಬೆಕ್ಕು 4–5 ತಿಂಗಳಿಗೇ ಬೆದೆಗೆ ಬರಬಹುದು. ಗಬ್ಬ ಸುಮಾರು 9 ವಾರ. ವರ್ಷ ತುಂಬುವ ಮುಂಚೆಯೇ ಮರಿ ಹಾಕಿದ ಬೆಕ್ಕುಗಳನ್ನು ನಾನು ಯಾವಾಗಲೂ ನೋಡುತ್ತೇನೆ. ಮೈಗೆ ಒಗ್ಗದ ಆ ಬಸಿರು ನೋಡಿದಾಗ ಸಂಕಟವಾಗುತ್ತದೆ. ಆಪರೇಷನ್ನಿಗೆ ಕೊಟ್ಟ ಅರಿವಳಿಕೆ ಇಳಿಯುವ ಮೊದಲೇ ಕಿವಿಯ ತುದಿಯನ್ನು ಒಂದಿಷ್ಟು ಕತ್ತರಿಸುತ್ತೇವೆ. ಮುಂದೆ ದೂರದಿಂದಲೇ ಗುರುತು ಸಿಗುತ್ತದೆ, ಮತ್ತೆ ಹಿಡಿಯುವ ಕಷ್ಟ ಇರುವುದಿಲ್ಲ.

ಬೇರೆ ಏರಿಯಾಕ್ಕೆ ಸಾಗಿಸುವುದು ಮಾತ್ರ ಬೇಡವೇ ಬೇಡ. ಇಂಥ ಬೆಕ್ಕುಗಳ ಗುಂಪಿನಲ್ಲಿ ತಾಯಿ, ಮಗಳು, ಅಕ್ಕತಂಗಿಯರು ಒಟ್ಟಿಗಿರುತ್ತವೆ. ಒಬ್ಬಳ ಮರಿಗೆ ಇನ್ನೊಬ್ಬಳು ಹಾಲು ಕೊಡುತ್ತಾಳೆ. ಅಲ್ಲಿಂದ ಕಿತ್ತು ತಂದರೆ ಹಳೆಯ ಜಾಗ ಹುಡುಕಿಕೊಂಡು ಹೊರಟು ರಸ್ತೆಯಲ್ಲಿ ಪ್ರಾಣ ಬಿಡುವ ಅಪಾಯ ಹೆಚ್ಚು.

ಮರಿಗಳ ವಿಷಯ ಬೇರೆ. ಅವನ್ನು ಪಳಗಿಸಬಹುದು. ಆದರೆ ತಾಯಿ ಕಾಣಲಿಲ್ಲ ಅಂತ ತಕ್ಷಣ ಎತ್ತಿಕೊಂಡು ಬರಬೇಡಿ. ಅವಳು ಊಟ ಹುಡುಕಲು ಹೋಗಿರಬಹುದು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅನ್ನುತ್ತಾರಲ್ಲ, ಹಾಗೆ ಜಾಗ ಬದಲಿಸುತ್ತಿರಲೂಬಹುದು. ಮರಿಗಳು ಬೆಚ್ಚಗಿದ್ದು ಗೆಲುವಾಗಿದ್ದರೆ ಕೆಲವು ಗಂಟೆ ದೂರ ನಿಂತು ಕಾಯಿರಿ. ತಾನೇ ತಿನ್ನಲು ಕಲಿತ 5–6 ವಾರದ ಮರಿ ಬುಸ್ ಅಂದರೂ ಹೆದರಬೇಡಿ. ಟವೆಲ್ಲಿನಲ್ಲಿ ಸುತ್ತಿ, ಚಮಚದ ತುದಿಯಲ್ಲಿ ಬೇಯಿಸಿದ ಮೀನು ಕೊಡಿ. ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಹೊತ್ತು ಸಾಕು.

ಇಷ್ಟೆಲ್ಲ ಜಾಗ್ರತೆ ಮಾಡಿಯೂ ಕಚ್ಚಿದರೆ, ನಲ್ಲಿ ನೀರು ಬಿಟ್ಟು ಸೋಪು ಹಾಕಿ 15 ನಿಮಿಷ ತೊಳೆಯಿರಿ. ಬೆಕ್ಕಿನ ಹಲ್ಲು ಸಣ್ಣದು, ಚೂಪು. ಮೇಲೆ ಚುಕ್ಕೆಯಷ್ಟೇ ಕಾಣುವ ಗಾಯ ಒಳಗೆ ಆಳವಾಗಿರುತ್ತದೆ, ಬೇಗ ಕೀವಾಗುತ್ತದೆ. ರೇಬೀಸ್ ಚುಚ್ಚುಮದ್ದಿಗೆ ಅವತ್ತೇ ಆಸ್ಪತ್ರೆಗೆ ಹೋಗಿ.